ಕೋಲಿಗೆ ಇಷ್ಟು ದುಡ್ಡೇ? ಹಳೆಯ ತಂತಿವಾದ್ಯ ಕಲಿಯುವವರಿಗೆ ಒಳ್ಳೆಯ ಕಮಾನು ಹೊಂದಿಸುವ ಬಗೆ

ವಾದ್ಯ ಕೊಳ್ಳಬೇಕು ಅಂದರೆ ಮನೆಯವರು ಹೇಗೋ ಕಿವಿಗೊಡುತ್ತಾರೆ. ಕಮಾನು ಕೊಳ್ಳಬೇಕು ಅಂದ ಕೂಡಲೇ ಬರುವ ಮಾತು ಒಂದೇ: "ವಾದ್ಯದ ಜೊತೆ ಒಂದು ಬಂದಿತ್ತಲ್ಲ, ಅದಕ್ಕೇನಾಯ್ತು?" ಹದಿನೆಂಟು ವರ್ಷದಿಂದ ವಿಯೋಲಾ ಡ ಗಂಬ ಕಲಿಸುತ್ತಿದ್ದೇನೆ (ಕಾಲುಗಳ ನಡುವೆ ಇಟ್ಟು ಕಮಾನಿನಿಂದ ನುಡಿಸುವ ಯುರೋಪಿನ ಹಳೆಯ ತಂತಿವಾದ್ಯ, ಚಿಕ್ಕದಾಗಿ ಗಂಬ), ಈ ಪ್ರಶ್ನೆ ಕಿವಿಗೆ ಬೀಳದ ವರ್ಷ ಇಲ್ಲ. ಕೇಳುವವರದ್ದು ತಪ್ಪೇನಲ್ಲ. ವಾದ್ಯ ಕಣ್ಣು ತುಂಬುತ್ತದೆ. ಕಮಾನು ನೋಡಿದರೆ ಒಂದು ಕೋಲು, ಒಂದು ಕಟ್ಟು ಕುದುರೆ ಕೂದಲು. ಅದಕ್ಕೆ ವಾದ್ಯದ ಬೆಲೆಯ ಕಾಲು ಭಾಗ, ಕೆಲವೊಮ್ಮೆ ಮೂರರಲ್ಲೊಂದು ಭಾಗ ತೆರಬೇಕು ಅಂದರೆ ಯಾರಿಗಾದರೂ ಗಂಟಲಲ್ಲಿ ಇಳಿಯುವುದಿಲ್ಲ.

ಹಾಗಾಗಿ ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲು ಹೇಳುವುದು ಇಷ್ಟು: ದುಡ್ಡು ಕೇಳಲು ಹೋಗುವ ಮೊದಲು ಯಾವ ಕಮಾನು, ಅದೇ ಏಕೆ ಅನ್ನುವುದನ್ನು ಖಚಿತ ಮಾಡಿಕೊಳ್ಳಿ. "ಒಳ್ಳೆಯ ಕಮಾನು ಬೇಕು" ಅಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. "ಈ ಕಮಾನು, ಇವರು ಮಾಡಿದ್ದು, ಒಂದು ವಾರ ನುಡಿಸಿ ನೋಡಿದ್ದೇನೆ, ಇಷ್ಟು ಬೇಕು, ಇಷ್ಟು ನನ್ನ ಹತ್ತಿರ ಇದೆ" ಅಂದರೆ ಮಾತು ಮುಂದೆ ಹೋಗುತ್ತದೆ.

ನಾನು ಕಲಿಯುವ ಕಾಲಕ್ಕೆ ಇದನ್ನು ಹೇಳುವವರು ಇರಲಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಂದು ಕಮಾನು ತಂದೆ. ಒಂದೂವರೆ ವರ್ಷಕ್ಕೆ ಕೋಲು ಒಂದು ಮಗ್ಗುಲಿಗೆ ತಿರುಚಿಕೊಂಡಿತು. ಬುದ್ಧಿ ಬರಬೇಕಿತ್ತು, ಬರಲಿಲ್ಲ. ಅದೇ ಬೆಲೆಗೆ ಇನ್ನೊಂದು ತಂದೆ. ಅದರ ತಲೆಯ ಬಳಿ ಬಿರುಕು ಬಿಟ್ಟಿತು. ಎರಡಕ್ಕೂ ಸುರಿದದ್ದನ್ನು ಕೂಡಿಸಿ ನೋಡಿದರೆ ಒಂದು ಒಳ್ಳೆಯ ಕಮಾನಿನ ಬೆಲೆಯ ಮೂರರಲ್ಲಿ ಎರಡು ಭಾಗ. ಆ ಎರಡು ಕೋಲುಗಳನ್ನೂ ಇನ್ನೂ ಇಟ್ಟುಕೊಂಡಿದ್ದೇನೆ, ಹೊಸ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರಿಗೆ ತೋರಿಸಲು.

ಯಾವ ಕಮಾನು

ಇವತ್ತಿನ ಪಿಟೀಲಿನ ಕಮಾನು ಒಳಕ್ಕೆ ಬಾಗಿರುತ್ತದೆ, ಕೂದಲಿನ ಕಡೆಗೆ. ಪ್ಯಾರಿಸ್ಸಿನ ಫ್ರಾನ್ಸ್ವಾ ಕ್ಸೇವಿಯೆ ತೂರ್ತ್ (1747–1835) ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಅದಕ್ಕೊಂದು ಖಾಯಂ ರೂಪ ಕೊಟ್ಟ. ಅದಕ್ಕಿಂತ ಹಿಂದಿನ ಕಮಾನುಗಳು ನೆಟ್ಟಗಿದ್ದವು, ಇಲ್ಲವೇ ಬಿಲ್ಲಿನ ಹಾಗೆ ತುಸು ಹೊರಕ್ಕೆ ಉಬ್ಬಿದ್ದವು. ತೂಕವೂ ಕಡಿಮೆ: ಇವತ್ತಿನದು ಹೆಚ್ಚೂಕಡಿಮೆ 60 ಗ್ರಾಂ ತೂಗಿದರೆ ಬರೋಕ್ ಕಾಲದ (ಸುಮಾರು 1600ರಿಂದ 1750) ಪಿಟೀಲಿನದು ಸಾಮಾನ್ಯವಾಗಿ 45ರಿಂದ 55 ಗ್ರಾಂ. ಹೊಸ ಕಮಾನು ಸ್ವರವನ್ನು ಮೊದಲಿಂದ ಕೊನೆಯವರೆಗೆ ಒಂದೇ ಸಮ ಎಳೆಯುತ್ತದೆ. ಹಳೆಯದರಲ್ಲಿ ಪ್ರತಿ ಸ್ವರವೂ ತಾನಾಗಿ ಅರಳಿ ತಾನಾಗಿ ಆರುತ್ತದೆ. ಗಂಬದಲ್ಲಂತೂ ಅಂಗೈ ಮೇಲ್ಮುಖವಾಗಿ ಕಮಾನು ಹಿಡಿದು, ನಡುಬೆರಳಿನಿಂದ ಕೂದಲನ್ನೇ ಒತ್ತಿ ಬಿಗಿ ಹೆಚ್ಚು ಕಡಿಮೆ ಮಾಡುತ್ತೇವೆ. ಕೆಟ್ಟ ಕಮಾನಿನಲ್ಲಿ ಆ ಬೆರಳಿಗೆ ಏನೂ ಕೆಲಸವಿಲ್ಲ. ಮೂರು ವರ್ಷ ಹಾಗೆ ನುಡಿಸಿದ ವಿದ್ಯಾರ್ಥಿ ನಡುಬೆರಳನ್ನು ಮರೆತೇ ಬಿಟ್ಟಿರುತ್ತಾನೆ. ಆಮೇಲೆ ಅದನ್ನು ತಿದ್ದುವ ಪಾಡು ನನ್ನದು.

ಹುಮ್ಮಸ್ಸಿನ ವಿದ್ಯಾರ್ಥಿಗಳು ಮೂರು ಕಮಾನು ಬೇಕು ಅನ್ನುತ್ತಾರೆ, ಹದಿನಾರನೆಯ ಶತಮಾನಕ್ಕೊಂದು, ಹದಿನೇಳಕ್ಕೊಂದು, ಹದಿನೆಂಟಕ್ಕೊಂದು. ಆಸೆಗೆ ಮಿತಿ ಬೇಡವೇ? ಒಂದು ಸಾಕು. ಪಿಟೀಲಿನವರಿಗೆ ಹದಿನೆಂಟನೆಯ ಶತಮಾನದ ಮೊದಲರ್ಧದ ಉದ್ದನೆಯ ಮಾದರಿ ತೆಗೆದುಕೊಳ್ಳಿ ಅನ್ನುತ್ತೇನೆ. ಆ ಕಾಲದ ಸಂಯೋಜಕರಲ್ಲಿ ಕೊರೆಲ್ಲಿಯನ್ನೂ ನಡೆಸಬಹುದು, ಬಾಖ್‌ನನ್ನೂ ನಡೆಸಬಹುದು. ಕುಣಿತದ ಸಂಗೀತಕ್ಕೆ ಹೇಳಿಮಾಡಿಸಿದಂಥ ಗಿಡ್ಡ ಕಮಾನು ಮುಂದೆ ದುಡಿಮೆ ಶುರುವಾದ ಮೇಲೆ ಬರಲಿ. ಬೇಸ್ ಗಂಬದವರಿಗೆ, ಅಂದರೆ ಮಂದ್ರ ದನಿಯ ದೊಡ್ಡ ಗಂಬ ನುಡಿಸುವವರಿಗೆ, ಇಂಗ್ಲೆಂಡಿನ ಕ್ರಿಸ್ಟೊಫರ್ ಸಿಂಪ್ಸನ್ 1659ರಲ್ಲೇ ತನ್ನ ಕೈಪಿಡಿಯಲ್ಲಿ ಬರೆದಿಟ್ಟ ಅಳತೆ ಇವತ್ತಿಗೂ ನಡೆಯುತ್ತದೆ: ಕೋಲು ಬಿಗುವಾಗಿರಲಿ, ಭಾರ ಬೇಡ, ಕೂದಲಿನ ಉದ್ದ ಸುಮಾರು 27 ಅಂಗುಲ. ಅಂದರೆ 68–69 ಸೆಂಟಿಮೀಟರ್. ತಯಾರಕರ ಮುಂದೆ ಈ ಒಂದು ವಾಕ್ಯ ಹೇಳಿದರೆ ಅರ್ಧ ಮಾತುಕತೆ ಮುಗಿದಂತೆ.

ಬೆಲೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಸಬಹುದು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಲಿನುದ್ದಕ್ಕೂ ಗೀರುಗಾಲುವೆ ಕೊರೆದ ಕಮಾನು ಚೆಂದ, ಆದರೆ ಆ ಕೊರೆತ ಕೈಕೆಲಸ, ದಿನಗಟ್ಟಲೆ ಹಿಡಿಯುತ್ತದೆ. ಸಾದಾ ಕೋಲು ಕೇಳಿ. ಕೂದಲು ಕಟ್ಟುವ ಬುಡದ ತುಂಡಿಗೆ ಫ್ರಾಗ್ ಅನ್ನುತ್ತಾರೆ. ಅದರಲ್ಲಿ ಮುತ್ತಿನ ಚಿಪ್ಪು, ಕೆತ್ತನೆ ಏನೂ ಬೇಡ, ಸಾದಾ ಎಬೊನಿ ಎಂಬ ಕರಿಮರ ಅಥವಾ ಮೂಳೆ ಸಾಕು. ಇವು ಯಾವುವೂ ದನಿ ಹೆಚ್ಚಿಸುವುದಿಲ್ಲ. ಮರದ ಮೇಲೆ ಮಾತ್ರ ಉಳಿಸಲು ಹೋಗಬೇಡಿ. ಈ ಕಮಾನುಗಳಿಗೆ ಹೆಸರಾದದ್ದು ಸ್ನೇಕ್‌ವುಡ್, ದಕ್ಷಿಣ ಅಮೆರಿಕದ ಉತ್ತರದ ಕಾಡುಗಳದ್ದು. ನೀರಿಗೆ ಹಾಕಿದರೆ ಮುಳುಗುವಷ್ಟು ಸಾಂದ್ರ. ಸಾಂದ್ರ ಆದ್ದರಿಂದಲೇ ಸಣ್ಣಗೆ ಹೆರೆದರೂ ಬಿಗು ಉಳಿಯುತ್ತದೆ. ಬಿರುಕಿಲ್ಲದ ನೆಟ್ಟನೆಯ ತುಂಡು ಸಿಗುವುದು ಅಪರೂಪ, ಬೆಲೆ ಅದಕ್ಕೇ.

ಇನ್ನೊಂದು ಜಗಳ ತಿರುಪಿನದ್ದು. ಹಳೆಯ ಕ್ರಮದಲ್ಲಿ ಫ್ರಾಗನ್ನು ಕೋಲಿನ ಕಚ್ಚಿಗೆ ಸಿಕ್ಕಿಸುತ್ತಾರೆ, ಬಿಗಿ ಹೊಂದಿಸಲು ತಿರುಪು ಇರುವುದಿಲ್ಲ. ಗಾಳಿಯ ತೇವಕ್ಕೆ ಕೂದಲು ಸಡಿಲವಾದರೆ ಕೆಳಗೆ ಕಾಗದವೋ ತೊಗಲಿನ ಚೂರೋ ತುರುಕಬೇಕು. ಕಲಿಯುವವರಿಗೆ ಈ ರಗಳೆ ಯಾಕೆ? ತಿರುಪಿನದ್ದನ್ನೇ ಕೊಳ್ಳಿ. "ಅದು ಹಳೆಯ ಕಾಲದ್ದಲ್ಲ" ಎಂದು ಮೂಗು ಮುರಿಯುವವರಿಗೆ 1694 ಎಂದು ಇಸವಿ ಇರುವ ತಿರುಪಿನ ಕಮಾನು ಒಂದು ಉಳಿದು ಬಂದಿದೆ ಎಂದು ಹೇಳಿ.

ನೂರು ಭಾಗದ ಲೆಕ್ಕ

ಬೆಲೆ ದೇಶದಿಂದ ದೇಶಕ್ಕೆ, ಕೈಯಿಂದ ಕೈಗೆ ಬದಲಾಗುತ್ತದೆ. ಹಾಗಾಗಿ ನಾನು ಎಲ್ಲವನ್ನೂ ನೂರು ಭಾಗದಲ್ಲಿ ಲೆಕ್ಕ ಹಾಕಿಸುತ್ತೇನೆ. ಹೋದ ಸಲ ಒಬ್ಬ ವಿದ್ಯಾರ್ಥಿನಿ ಬರೆದುಕೊಂಡದ್ದು ಹೀಗಿತ್ತು: ಕಮಾನಿಗೆ 80, ನೋಡಲು ತರಿಸಿ ಹಿಂದೆ ಕಳಿಸುವ ಸಾಗಣೆಗೆ ವಿಮೆ ಸೇರಿ 7, ಸುಂಕಕ್ಕೆ 6, ಗಟ್ಟಿ ಕೊಳವೆ ಪೆಟ್ಟಿಗೆಗೆ 4, ಮೊದಲ ಸಲ ಹೊಸ ಕೂದಲು ಕಟ್ಟಿಸಲು 3. ಮೊದಲು ಅವಳು ತಂದ ಹಾಳೆಯಲ್ಲಿ ಕಮಾನಿನ ಬೆಲೆ ಮಾತ್ರ ಇತ್ತು. "ಉಳಿದದ್ದು ಆಮೇಲೆ ನೋಡ್ಕೋತೀನಿ ಮೇಡಂ" ಅಂದಳು. ಆಮೇಲೆ ನೋಡಿಕೊಳ್ಳುವ ಇಪ್ಪತ್ತು ಭಾಗವೇ ಕೊನೆಗೆ ಸಾಲವಾಗಿ ಕೂರುವುದು. ಒಂದು ಸಲ ದುಡ್ಡು ಕೊಟ್ಟವರ ಮುಂದೆ ಇನ್ನಷ್ಟು ಬೇಕು ಎಂದು ಮತ್ತೆ ನಿಲ್ಲುವುದಕ್ಕಿಂತ ಮುಜುಗರ ಇನ್ನೊಂದಿಲ್ಲ. ಸುಂಕದ ದರವನ್ನಂತೂ ತರಿಸುವ ಮೊದಲೇ ವಿಚಾರಿಸಿ. ನೋಡಿ ಹಿಂದಿರುಗಿಸಲು ತರಿಸಿದ ವಸ್ತುವಿಗೂ ಸುಂಕ ಕಟ್ಟಿಸಿಕೊಂಡು, ವಾಪಸ್ಸು ಪಡೆಯಲು ತಿಂಗಳುಗಟ್ಟಲೆ ಅಲೆಸುವುದುಂಟು.

ಮೊದಲು ಎರವಲು

ಈ ಹಂತವನ್ನು ಹಾರಿಸುವವರೇ ಹೆಚ್ಚು, ನನ್ನ ಪ್ರಕಾರ ಇದೇ ಮುಖ್ಯ. ಕೊಳ್ಳುವ ಮೊದಲು ಆರು ತಿಂಗಳು ಬೇರೆಯವರ ಕಮಾನಿನಲ್ಲಿ ನುಡಿಸಿ. ಅಷ್ಟರಲ್ಲಿ ಕೈಗೆ ಏನು ಬೇಕೆಂದು ಕೈಯೇ ಹೇಳುತ್ತದೆ, ಉಳಿತಾಯವೂ ಆಗುತ್ತದೆ. ಗುರುಗಳ ಬಳಿ ಹೆಚ್ಚಿನದೊಂದು ಇದ್ದೇ ಇರುತ್ತದೆ, ಕೇಳಿದರೆ ಬಾಯಿ ಸವೆಯುವುದಿಲ್ಲ. ಬ್ರಿಟನ್ನಿನ ವಿಯೋಲಾ ಡ ಗಂಬ ಸೊಸೈಟಿ 1948ರದ್ದು, ಅಮೆರಿಕದ್ದು 1962ರದ್ದು. ಬಾಡಿಗೆ ವಾದ್ಯಗಳ ವ್ಯವಸ್ಥೆ ಇಂಥ ಸಂಘಗಳಲ್ಲಿ ಇರುತ್ತದೆ. ಇಂಗ್ಲೆಂಡಿನ ಬೆನ್ಸ್‌ಲೋ ಯೋಜನೆ ವಿದ್ಯಾರ್ಥಿಗಳಿಗೆ ವಾದ್ಯ ಎರವಲು ಕೊಡುವುದಕ್ಕೆಂದೇ ಇದೆ. ನೆದರ್‌ಲೆಂಡ್ಸಿನಲ್ಲಿ 1988ರಿಂದ ಒಂದು ರಾಷ್ಟ್ರೀಯ ವಾದ್ಯ ನಿಧಿ ನಡೆಯುತ್ತಿದೆ, ವಾದ್ಯದ ಜೊತೆ ಕಮಾನನ್ನೂ ಕೊಡುತ್ತದೆ. ಒಂದೊಂದಕ್ಕೂ ಅದರದ್ದೇ ನಿಯಮ. ವಯಸ್ಸು, ವಾಸ, ಸದಸ್ಯತ್ವ ನೋಡುತ್ತಾರೆ. ನಿಮ್ಮ ದೇಶದಲ್ಲಿ ಇಂಥದ್ದು ಇಲ್ಲವಾದರೆ ಕಲಿಯುತ್ತಿರುವ ಶಾಲೆಯ ವಾದ್ಯದ ಕೋಣೆಯಲ್ಲಿ ಹುಡುಕಿ. ಬೀರುವಿನ ಹಿಂದೆ ಯಾರೂ ಮುಟ್ಟದ ಕಮಾನು ಬಿದ್ದಿರುವುದನ್ನು ಎರಡು ಸಲ ಕಂಡಿದ್ದೇನೆ. ಕೂದಲು ಹುಳ ತಿಂದು ಹೋಗಿತ್ತು, ಕೋಲು ಮಾತ್ರ ಬಂಗಾರದಂಥದ್ದು.

ಎರವಲು ತಂದದ್ದಕ್ಕೂ ಒಂದು ಚೀಟಿ ಬರೆದುಕೊಳ್ಳಿ: ಯಾರದ್ದು, ಯಾವ ಸ್ಥಿತಿಯಲ್ಲಿ ಬಂತು, ಯಾವಾಗ ಹಿಂದಿರುಗಿಸಬೇಕು, ಮುರಿದರೆ ಯಾರ ತಲೆಗೆ. ಸ್ನೇಹದ ಮಧ್ಯೆ ಕಾಗದ ಯಾಕೆ ಅನ್ನಬೇಡಿ. ಸ್ನೇಹ ಉಳಿಯಲಿ ಎಂದೇ ಕಾಗದ.

ಯಾರನ್ನು, ಹೇಗೆ ಕೇಳುವುದು

ಪೂರ್ತಿ ಮೊತ್ತವನ್ನು ಒಬ್ಬರ ಮುಂದೆ ಇಡಬೇಡಿ. ನೂರು ಭಾಗವನ್ನು ಮೂರು ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ಒಂದು ಬಾಗಿಲು ಹುಡುಕಿ. ಮೊದಲ ತುಂಡು ನಿಮ್ಮದೇ ಆಗಿರಬೇಕು. ಹತ್ತು ಭಾಗವಾದರೂ ಸೈ, ಆದರೆ ನಿಮ್ಮ ದುಡಿಮೆಯದ್ದು. ಮದುವೆ ಸಮಾರಂಭದಲ್ಲಿ ನುಡಿಸಿ ಬಂದದ್ದೋ, ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಬಂದದ್ದೋ. ಕೊಡುವವರು ಮೊದಲು ನೋಡುವುದು ಈ ಅಂಕಿಯನ್ನೇ.

ಎರಡನೆಯ ತುಂಡು ಮನೆಯವರದ್ದು. ಇಲ್ಲಿ ಮಾತಿಗಿಂತ ಕಿವಿ ಕೆಲಸ ಮಾಡುತ್ತದೆ. ನನ್ನ ಒಬ್ಬ ವಿದ್ಯಾರ್ಥಿಯ ಸೋದರಮಾವ, ವ್ಯಾಪಾರಸ್ಥರು, "ಒಂದು ಕೋಲಿಗೆ ಇಷ್ಟಾ?" ಎಂದು ಕೂತಿದ್ದರು. ವಾದ ಮಾಡಲಿಲ್ಲ. ಬೆನ್ನು ತಿರುಗಿಸಿ ಕೂರಲು ಹೇಳಿ, ಅದೇ ವಾದ್ಯ, ಅದೇ ನಾಲ್ಕು ಸಾಲು, ಮೊದಲು ಅವನ ಹಳೆಯ ಕಮಾನಿನಲ್ಲಿ, ಆಮೇಲೆ ಎರವಲು ತಂದದ್ದರಲ್ಲಿ ಹುಡುಗನಿಂದ ನುಡಿಸಿದೆ. "ಮೊದಲನೆಯದೇ ಜೋರಾಗಿದೆಯಲ್ಲ" ಅಂದರು. ನನಗೆ ಎದೆ ಧಸಕ್ ಅಂತು. "ಇನ್ನೊಂದು ಸಲ ನುಡಿಸು" ಅಂದರು, ಕಣ್ಣು ಮುಚ್ಚಿಕೊಂಡರು. "ಮೊದಲನೆಯದರಲ್ಲಿ ಪ್ರತಿ ಸಲ ಶುರುವಿಗೆ ಒಂದು ಕರಕರ ಇದೆ. ಎರಡನೆಯದರಲ್ಲಿ ಇಲ್ಲ. ಅಷ್ಟೇ ತಾನೇ?" ಅಷ್ಟೇ. ಹದಿನೈದು ಭಾಗ ಕೊಟ್ಟರು. ಎಲ್ಲವನ್ನೂ ಕೊಡಲಿಲ್ಲ, ಕೊಡಬೇಕಾಗಿಯೂ ಇರಲಿಲ್ಲ. ಮನೆಯವರು ಕೊಡುವುದು ಸಾಲವೋ ಉಡುಗೊರೆಯೋ ಎಂದು ಆವತ್ತೇ ಬಾಯಿಬಿಟ್ಟು ಕೇಳಿಕೊಳ್ಳಿ.

ಮೂರನೆಯ ತುಂಡಿಗೆ ಸಂಘ ಸಂಸ್ಥೆ, ದತ್ತಿ ನಿಧಿ. "ನನ್ನ ಸಂಗೀತದ ಕನಸು ನನಸಾಗಲು ನೆರವಾಗಿ" ಎಂದು ಶುರುವಾಗುವ ಅರ್ಜಿಗಳು ಓದುವವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ನಾನು ಹೀಗೆ ಬರೆಸುತ್ತೇನೆ:

"ನಾಲ್ಕು ವರ್ಷದಿಂದ ಬೇಸ್ ಗಂಬ ಕಲಿಯುತ್ತಿದ್ದೇನೆ. ಈಗ ನುಡಿಸುತ್ತಿರುವ ಕಮಾನು ಗುರುಗಳದ್ದು, ಜೂನ್ ಕೊನೆಗೆ ಹಿಂದಿರುಗಿಸಬೇಕು. ಮೂರು ಕಮಾನುಗಳನ್ನು ಒಂದೊಂದು ವಾರ ಇಟ್ಟುಕೊಂಡು ನುಡಿಸಿ, ಒಂದನ್ನು ಆರಿಸಿದ್ದೇನೆ. ತಯಾರಕರ ದರಪತ್ರ ಲಗತ್ತಿಸಿದೆ, ಮೇ 31ರವರೆಗೆ ಊರ್ಜಿತ. ಒಟ್ಟು ವೆಚ್ಚ ನೂರು ಭಾಗ ಎಂದರೆ 30 ಭಾಗ ನನ್ನ ಉಳಿತಾಯ, 15 ಮನೆಯವರದ್ದು, ಹಳೆಯ ಕಮಾನು ಮಾರಿದರೆ 5. ಉಳಿದದ್ದರಲ್ಲಿ 20 ಭಾಗವನ್ನು ಎಂಟು ಕಂತಿನಲ್ಲಿ ಪಡೆಯಲು ತಯಾರಕರು ಒಪ್ಪಿದ್ದಾರೆ. ತಮ್ಮಿಂದ ಕೋರುವುದು 30 ಭಾಗ. ಸೆಪ್ಟೆಂಬರಿನಲ್ಲಿ ಈ ಕಮಾನಿನಿಂದ ಫ್ರಾನ್ಸಿನ ಹಳೆಯ ಗಂಬ ಸಂಯೋಜಕ ಮಾರೆಯ ಕೃತಿಗಳನ್ನು ನುಡಿಸಲಿದ್ದೇನೆ."

ಭಾಗ ಇರುವಲ್ಲಿ ನಿಮ್ಮ ನಿಜವಾದ ಮೊತ್ತ ಬರೆಯಿರಿ. ಹತ್ತು ಸಾಲು ದಾಟಬೇಡಿ. ಜೊತೆಗೆ ಗುರುಗಳ ಪತ್ರ ಬೇಕು, ಅದರಲ್ಲಿ "ಪ್ರತಿಭಾವಂತೆ" ಅನ್ನುವುದಕ್ಕಿಂತ "ಈಗಿನ ಕಮಾನಿನಲ್ಲಿ ಇದು ಸಾಧ್ಯವಾಗುತ್ತಿಲ್ಲ" ಅನ್ನುವ ಒಂದು ವಾಕ್ಯ ಇರಲಿ. ಎರಡು ಕಮಾನುಗಳ ಧ್ವನಿಮುದ್ರಣ, ಒಂದೊಂದು ನಿಮಿಷ, ಒಂದೇ ಕೋಣೆಯಲ್ಲಿ ಫೋನನ್ನು ಒಂದೇ ಜಾಗದಲ್ಲಿ ಇಟ್ಟು ಮಾಡಿದ್ದು, ಸೇರಿಸಿ.

ಒಂದು ಎಚ್ಚರಿಕೆ, ಪೆಟ್ಟು ತಿಂದು ಕಲಿತದ್ದು. ನನ್ನ ವಿದ್ಯಾರ್ಥಿಯೊಬ್ಬ ಅರ್ಜಿ ಹಾಕಿ, ಉತ್ತರ ಬರುವುದು ತಡವಾಯಿತೆಂದು ಕಮಾನು ಕೈತಪ್ಪೀತು ಅನ್ನುವ ಭಯಕ್ಕೆ ಪೂರ್ತಿ ಹಣ ಕಟ್ಟಿಬಿಟ್ಟ. ಆ ನಿಧಿಯ ನಿಯಮದಲ್ಲಿ, ಈಗಾಗಲೇ ಮಾಡಿದ ಖರ್ಚಿಗೆ ನೆರವಿಲ್ಲ ಎಂದು ನಾಲ್ಕನೆಯ ಪುಟದಲ್ಲಿ ಇತ್ತು. ಓದದೆ ಸಹಿ ಹಾಕಿಸಿದವಳು ನಾನೇ. ಅರ್ಜಿ ತಿರಸ್ಕಾರವಾಯಿತು, ಅವನು ಎರಡು ವರ್ಷ ಸಾಲ ತೀರಿಸಿದ. ಕೊಂಡ ಮೇಲೆ ಕೊಡದ ನಿಧಿಗಳು ಬಹಳ ಇವೆ. ತಯಾರಕರಿಗೆ ಫೋನ್ ಮಾಡಿ "ಇಂಥ ದಿನದವರೆಗೆ ಇಟ್ಟಿರಿ" ಅಂದರೆ ಸಾಕಿತ್ತು. ಸಾಮಾನ್ಯವಾಗಿ ಇಟ್ಟಿರುತ್ತಾರೆ.

ನಾಲ್ಕನೆಯದು ಸಂಗೀತ ಕಚೇರಿ ಮಾಡಿ ಕೂಡಿಸುವುದು. ಮಾಡಿ, ಆದರೆ ಅದರಿಂದ ಹತ್ತು ಭಾಗದ ಮೇಲೆ ನೆಚ್ಚಿಕೊಳ್ಳಬೇಡಿ. ಸಭಾಂಗಣದ ಬಾಡಿಗೆಯಲ್ಲೇ ದುಡ್ಡು ಹೋಗುತ್ತದೆ. ಯಾರದ್ದಾದರೂ ದೊಡ್ಡ ಹಜಾರದಲ್ಲಿ ಮೂವತ್ತು ಕುರ್ಚಿ ಹಾಕಿದರೆ ಗಂಬದ ಮೆಲುದನಿಗೂ ಅದೇ ಒಳ್ಳೆಯದು.

ತಯಾರಕರ ಜೊತೆ

ಹೊಸದಾಗಿ ಮಾಡಿಸಿದರೆ ಮುಂಗಡ ಕೊಡಬೇಕು, ಕಾಯಬೇಕು. ಹೆಸರಿರುವವರ ಹತ್ತಿರ ಒಂದು ವರ್ಷಕ್ಕೂ ಮೇಲೆ ಸರದಿ ಇರಬಹುದು. ಆ ಕಾಯುವ ಅವಧಿ ನಿಮಗೆ ಲಾಭ, ದುಡ್ಡು ಕೂಡಿಸಲು ಸಮಯ ಸಿಕ್ಕಿತಲ್ಲ. ಮುಂಗಡ ಯಾವಾಗ ಹಿಂದಕ್ಕೆ ಬರುತ್ತದೆ, ಯಾವಾಗ ಬರುವುದಿಲ್ಲ, ಕೈಗೆ ಬಂದ ಮೇಲೆ ಹೊಂದದಿದ್ದರೆ ಏನು, ಇವನ್ನು ಬರಹದಲ್ಲಿ ತೆಗೆದುಕೊಳ್ಳಿ. ಕಂತು ಕೇಳಲು ನಾಚಬೇಡಿ. ಅವರೂ ಒಂದು ಕಾಲಕ್ಕೆ ಸಾಲ ಮಾಡಿ ಮರ ಕೊಂಡವರೇ. ಮುಂದೆ ದೊಡ್ಡದು ಕೊಳ್ಳುವಾಗ ಇದನ್ನೇ ಹಿಂದಕ್ಕೆ ತೆಗೆದುಕೊಂಡು ಬೆಲೆ ಮುರಿಯುತ್ತೀರಾ ಎಂದೂ ಕೇಳಿ.

ಬಳಸಿದ ಕಮಾನು ಸಿಕ್ಕರೆ ಸಂತೋಷ. ಆದರೆ ಹೀಗೆ ನೋಡಿ. ಕೂದಲು ಸಡಿಲಿಸಿ, ಫ್ರಾಗನ್ನು ಕಣ್ಣಿನ ಹತ್ತಿರ ಹಿಡಿದು ತುದಿಯವರೆಗೆ ಕೋಲಿನ ಗುಂಟ ದೃಷ್ಟಿ ಹಾಯಿಸಿ, ಬಂದೂಕಿಗೆ ಗುರಿ ಹಿಡಿದ ಹಾಗೆ. ಎಡಕ್ಕೋ ಬಲಕ್ಕೋ ವಾಲಿದ್ದರೆ ಗೊತ್ತಾಗುತ್ತದೆ. ಬಿಗಿ ಮಾಡಿ ಮತ್ತೊಮ್ಮೆ ನೋಡಿ. ಸಡಿಲದಲ್ಲಿ ನೆಟ್ಟಗಿದ್ದು ಬಿಗಿಯಲ್ಲಿ ವಾಲುವ ಕೋಲುಗಳಿವೆ. ತಲೆಯನ್ನು ಬೆಳಕಿಗೆ ಹಿಡಿದು ಕೂದಲು ಒಳಹೋಗುವ ಕಿಂಡಿಯ ಸುತ್ತ ಉಗುರಾಡಿಸಿ. ಕೂದಲೆಳೆಯಷ್ಟು ಗೆರೆ ಉಗುರಿಗೆ ಸಿಕ್ಕರೂ ಬೇಡ, ಎಷ್ಟೇ ಅಗ್ಗವಾದರೂ ಬೇಡ. ಆಮೇಲೆ ನುಡಿಸಿ. ಕಷ್ಟದ ಕೃತಿ ಬೇಡ. ಒಂದೇ ತಂತಿಯಲ್ಲಿ ಒಂದು ಉದ್ದ ಸ್ವರ, ಆಮೇಲೆ ತಂತಿ ದಾಟುವ ಎಂಟು ಚುಟುಕು ಸ್ವರ. ಎರಡನೆಯ ದಿನ ಅದನ್ನೇ ಮಾಡಿ. ಮೊದಲ ದಿನ ಹೊಸತೆಲ್ಲವೂ ಚೆನ್ನಾಗಿ ಕೇಳಿಸುತ್ತದೆ.

ಹಳೆಯ ಕಮಾನಿನಲ್ಲಿ ಆನೆ ದಂತವೋ ಕಡಲಾಮೆ ಚಿಪ್ಪೋ ಇದ್ದರೆ ಕೈ ಮುಗಿದು ಹಿಂದೆ ಕೊಡಿ. ಎರಡಕ್ಕೂ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಬಿಗಿ ನಿರ್ಬಂಧವಿದೆ, ಗಡಿಯಲ್ಲಿ ಕಮಾನೇ ಜಪ್ತಿಯಾಗಬಹುದು. ಇವತ್ತಿನ ಕಮಾನುಗಳಿಗೆ ಬಳಸುವ ಬ್ರೆಜಿಲ್ಲಿನ ಪೆರ್ನಾಂಬುಕೊ ಮರವನ್ನೂ 2007ರಲ್ಲಿ ಸೈಟಿಸ್ ಒಪ್ಪಂದದ (ಅಳಿವಿನ ಅಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಸೇರಿಸಿದ್ದಾರೆ. ಆದ್ದರಿಂದ ಕೋಲು ಯಾವ ಮರ, ಫ್ರಾಗ್ ಯಾವುದರದ್ದು, ಯಾರು ಯಾವ ವರ್ಷ ಮಾಡಿದ್ದು ಎಂದು ತಯಾರಕರಿಂದ ಸಹಿ ಮಾಡಿದ ಕಾಗದ ಪಡೆಯಿರಿ. ಅದೇ ಕಾಗದ ವಿಮೆಗೂ ಬೇಕು, ಮುಂದೆ ಮಾರುವಾಗಲೂ ಬೇಕು.

ಕಮಾನು ಬಂದ ತಿಂಗಳೊಳಗೆ ಕೊಟ್ಟವರೆಲ್ಲರಿಗೂ ಖರ್ಚಿನ ಒಂದು ಪುಟ, ನುಡಿಸಿದ ಮೂರು ನಿಮಿಷದ ಧ್ವನಿಮುದ್ರಣ ಕಳಿಸಿ. ಹಣ ಉಳಿದಿದ್ದರೆ ಉಳಿದಿದೆ ಎಂದು ಬರೆದು, ಏನು ಮಾಡಲಿ ಎಂದು ಕೇಳಿ. ಆ ಸೋದರಮಾವನಿಗೆ ಹುಡುಗ ಲೆಕ್ಕದ ಹಾಳೆ ಕಳಿಸಿದಾಗ ಎರಡು ಭಾಗ ಉಳಿದಿತ್ತು. ಅವರಿಂದ ಒಂದೇ ಸಾಲಿನ ಉತ್ತರ ಬಂತು: "ಕೂದಲು ಕಟ್ಟಿಸೋಕೆ ಇಟ್ಕೋ. ರಾತ್ರಿ ಸಡಿಲ ಮಾಡಿ ಇಡ್ತೀಯಾ ತಾನೇ?"